ಎದುರು ಕ್ವಾರ್ಟರ್ಸಿನ ಮೆಕ್ಯಾನಿಕ್

ಸವಳಂಗ ರಸ್ತೆ, ಶಿವಮೊಗ್ಗ
4 ಜುಲೈ 2024

ಪ್ರೀತಿಯ ಶಮ್ಸು,

ಚೆನ್ನಾಗಿದ್ದೀಯಾ ಅಂತ ಕೇಳುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನನ್ನ ಪತ್ರ ಪೇಪರಿನಲ್ಲಿ ಬಂದಿದೆ! ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ವಾಚಕರ ಅಂಕಣದಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದ್ದಾರೆ. ಚರಂಡಿ, ಬೀದಿದೀಪ, ಪರೀಕ್ಷೆಯ ಗೊಂದಲ ಅಂತ ಇಷ್ಟು ವರ್ಷ ಬರೆದಾಗೆಲ್ಲ ಮೂಲೆಯಲ್ಲಿ ಮೂರು ಸಾಲು ಹಾಕುತ್ತಿದ್ದರು. ಈ ಸಲ ಒಂದಕ್ಷರ ಬಿಟ್ಟಿಲ್ಲ.

ನೀನು ಟಿ.ವಿ. ನೋಡುತ್ತೀಯೋ ಇಲ್ಲವೋ, ಹದಿನೈದು ದಿನದಿಂದ ಅದೇ ರಗಳೆ. ಬೇರೆ ಯಾವುದೋ ಜಿಲ್ಲೆಯಲ್ಲಿ ಒಬ್ಬ ಕಳ್ಳಸಾಗಣೆಯವನು ಸಿಕ್ಕಿಬಿದ್ದ. ಅವನು ನಿಮ್ಮವನು. ಇಬ್ಬರು ಹೆಂಡಿರು, ಎರಡು ಊರಲ್ಲಿ ಎರಡು ಮನೆ. ಅಷ್ಟಕ್ಕೇ, ನಿಮ್ಮ ಜನರಲ್ಲಿ ಯಾರ್ಯಾರ ಮನೆಯಲ್ಲಿ ಇಬ್ಬರು ಹೆಂಡಿರಿದ್ದಾರೆ ಅಂತ ಠಾಣೆಠಾಣೆಯಲ್ಲೂ ಪಟ್ಟಿ ಮಾಡುತ್ತಿದ್ದಾರಂತೆ. "ಎರಡು ಸಂಸಾರ ಇದ್ದೋನಿಗೆ ಅಡಗೋಕೆ ಎರಡು ಜಾಗ" ಅಂತ ಒಬ್ಬ ನಿವೃತ್ತ ಅಧಿಕಾರಿ ಅಂದ. ಪಟ್ಟಿ ಮಾಡಿದರೆ ತಪ್ಪೇನು ಅಂದ ಇನ್ನೊಬ್ಬ. ಸಂವಿಧಾನ, ಸಂವಿಧಾನ ಅಂತ ಕೂಗಿದ ಮತ್ತೊಬ್ಬ. ನನಗೆ ಒಂದು ಕಿವಿ ಪೂರ್ತಿ ಕೇಳಿಸದು, ಆದರೂ ತಲೆ ಚಿಟ್ಟು ಹಿಡಿಯಿತು. ಕೂತು ಬರೆದೇಬಿಟ್ಟೆ. ನೀನು ಕನ್ನಡಕ ಹುಡುಕುವ ತನಕ ಕಾಯಲಾರೆ, ಇಲ್ಲೇ ಓದಿಕೋ:

"ನಾನು ಭದ್ರಾವತಿಯ ಕಾಗದನಗರದ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವಳು. ಆಗ ನಮ್ಮ ಎದುರು ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಮೆಕ್ಯಾನಿಕ್ ಈಗಲೂ ಅಲ್ಲೇ ಇದ್ದಾರೆ. ತೀರಿಕೊಂಡ ಅಣ್ಣನ ಹೆಂಡತಿಯನ್ನೂ ಮದುವೆಯಾಗಿ, ಅಣ್ಣನ ಕೂಸನ್ನು ತನ್ನದೆಂದೇ ಸಾಕಿದವರು. ಇಬ್ಬರು ಹೆಂಡಿರೂ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಕಣ್ಣಾರೆ ಕಂಡಿದ್ದೇನೆ. ಅನುಮಾನ ಪಡುವ ಪೊಲೀಸರು ಮೊದಲು ಅಂಥ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು ನೋಡಲಿ."

ಹೇಗಿದೆ? ಹೆಸರು ಹಾಕಿಲ್ಲ, ಭಯಪಡಬೇಡ. ನಿನ್ನ ಯಜಮಾನರು ಗೌಸ್ ಅವರಿಗೆ ಓದಿ ಹೇಳು. ಮಹಬೂಬಿಗೂ ಹೇಳು. ನಿಮ್ಮ ಹುಡುಗ ಉಮೈರ್‌ಗೆ ಸೋಗಾನೆಯ ಏರ್‌ಪೋರ್ಟಿನಲ್ಲಿ ಕೆಲಸ ಸಿಗುವ ಹಾಗಿದೆ ಅಂತ ಬರೆದಿದ್ದೆಯಲ್ಲ, ಏನಾಯಿತು? ಫೋನ್ ಮಾತ್ರ ಮಾಡಬೇಡ ಮಾರಾಯ್ತಿ. ನೀನು ಹೇಳಿದ್ದು ನನಗೆ ಅರ್ಧ ಕೇಳಿಸುತ್ತದೆ, ನಾನು ಹೇಳಿದ್ದು ಪಕ್ಕದ ಮನೆಗೆಲ್ಲ ಕೇಳಿಸುತ್ತದೆ. ನಿನಗೆ ಕನ್ನಡ ಅಕ್ಷರ ಕಲಿಸಿದ್ದು ಯಾಕೆ ಮತ್ತೆ?

ನಿನ್ನ
ಸುಭದ್ರಮ್ಮ ಟೀಚರ್


ಕಾಗದನಗರ, ಭದ್ರಾವತಿ
15 ಜುಲೈ 2024

ಟೀಚರಮ್ಮನವರಿಗೆ ಶಮ್ಸುನ್ನೀಸಾಳ ಸಲಾಮು.

ನಿಮ್ಮ ಪತ್ರ ಬಂತು. ಆದರೆ ನಿಮ್ಮ ಪತ್ರಕ್ಕಿಂತ ಒಂದು ದಿನ ಮೊದಲೇ ಆ ಪೇಪರಿನ ತುಂಡು ನಮ್ಮ ಮನೆಗೆ ಬಂದಿತ್ತು. ಪುಟ್ಟಯ್ಯ ತಂದಿದ್ದರು. ನಿಮಗೆ ಗೊತ್ತಲ್ಲ, ನಮ್ಮ ಬೀಟಿನ ಪೊಲೀಸು. ಅವರು ನಮ್ಮ ಮನೆಯಲ್ಲಿ ಒಂದಲ್ಲ, ನೂರು ಲೋಟ ಚಹಾ ಕುಡಿದಿದ್ದಾರೆ. ಈ ಸಲ ಕುಡಿಯಲಿಲ್ಲ. ಬಾಗಿಲಲ್ಲೇ ನಿಂತು, "ಕಾಗದನಗರ ಅಂತ ಇದೆ, ಟೀಚರ್ ಹೆಸರಿದೆ, ಎದುರು ಮನೆ ಅಂತ ಇದೆ, ಮೆಕ್ಯಾನಿಕ್ ಅಂತ ಇದೆ. ಇನ್ನು ಹೆಸರು ಯಾಕೆ ಬೇಕು ಶಮ್ಸಕ್ಕ? ಸಾಹೇಬ್ರು ಓದಿ ನನಗೇ ಬೈದ್ರು. ನಿನ್ನ ಬೀಟಲ್ಲಿ ಇಂಥ ಮನೆ ಇಲ್ಲ ಅಂತ ಬರ್ಕೊಟ್ಟಿದ್ಯಲ್ಲಯ್ಯಾ ಅಂತ" ಅಂದರು. ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಈ ಕ್ವಾರ್ಟರ್ಸ್ ಲೈನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಹಬೂಬಿ ಆಪಾ ನಮ್ಮ ಭಾವನ ವಿಧವೆ, ಜೊತೆಗಿದ್ದಾಳೆ ಅಂತಲೇ ಎಲ್ಲರೂ ತಿಳಿದಿದ್ದರು.

ನಮ್ಮ ಸಂಬಂಧಿಕರು, ಕಾಜಿ ಸಾಹೇಬರು, ಅವರನ್ನು ಬಿಟ್ಟರೆ ನಿಮಗೊಬ್ಬರಿಗೆ ನಾನು ಹೇಳಿದ್ದೆ. ಶಾಲೆಯಲ್ಲಿ ನಾನು ಆಯಾ ಆಗಿದ್ದಾಗ, ಊಟದ ಬಿಡುವಿನಲ್ಲಿ ನೀವು ಅಆಇಈ ತಿದ್ದಿಸುತ್ತಿದ್ದಾಗ. ಅವತ್ತು ಯಾಕೆ ಹೇಳಿದೆ ಅಂತಲೂ ನಿಮಗೆ ನೆನಪಿರಬೇಕು. ಭಾವ ಲಾರಿ ಅಪಘಾತದಲ್ಲಿ ಹೋದಾಗ ಉಮೈರ್‌ಗೆ ಒಂದು ವರ್ಷ ತುಂಬಿರಲಿಲ್ಲ. ಗಂಡನ ತಮ್ಮ ನಮ್ಮಲ್ಲಿ ಪರಪುರುಷ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಆಪಾ ಇವರೆದುರು ಹೇಗೆ ಓಡಾಡಬೇಕು? ಇವರು ಒಳಗಿದ್ದರೆ ಅವಳು ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಹೊಳೆಹೊನ್ನೂರಿನಿಂದ ಅವಳ ಅಣ್ಣ ಬಂದು ಕರೆದುಕೊಂಡು ಹೋಗುತ್ತೇನೆ ಅಂದ. ಕೂಸು ನನ್ನ ಸೆರಗು ಬಿಡುತ್ತಿರಲಿಲ್ಲ. ನಾನೇ ಹೇಳಿದೆ, ನಿಕಾಹ್ ಮಾಡಿಬಿಡಿ, ಆಗ ಅವಳು ಈ ಮನೆಯವಳೇ ಆಗುತ್ತಾಳೆ ಅಂತ. ಇವರು ಎರಡು ದಿನ ಒಪ್ಪಲಿಲ್ಲ. ಕಾಜಿ ಸಾಹೇಬರನ್ನು ಕರೆದವಳೂ ನಾನೇ. ಇಪ್ಪತ್ತೆರಡು ವರ್ಷ ಆಪಾ ಮಲಗಿದ್ದು ನನ್ನ ಪಕ್ಕದಲ್ಲಿ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಉಮೈರ್ ವಿಷಯ ಕೇಳಿದ್ದೀರಿ. ಏರ್‌ಪೋರ್ಟಿನಲ್ಲಿ ಲಗೇಜ್ ಗಾಡಿ ಓಡಿಸುವ ಕೆಲಸ. ಕಂಟ್ರಾಕ್ಟರು ಒಪ್ಪಿದ್ದಾನೆ. ಒಳಗೆ ಹೋಗಲು ಪಾಸ್ ಬೇಕು, ಪಾಸಿಗೆ ಪೊಲೀಸ್ ವೆರಿಫಿಕೇಷನ್ ಆಗಬೇಕು. ಅರ್ಜಿ ಅದೇ ಠಾಣೆಯಲ್ಲಿದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ
ಶಮ್ಸುನ್ನೀಸಾ


ಸವಳಂಗ ರಸ್ತೆ, ಶಿವಮೊಗ್ಗ
19 ಜುಲೈ 2024

ಶಮ್ಸು,

ನಿನ್ನ ಪತ್ರ ಎರಡು ಸಲ ಓದಿದೆ. ನಾನು ಒಳ್ಳೆಯದಕ್ಕೆ ಬರೆದೆ ಕಣೇ. ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರಲಿ ಅಂತ ಬರೆದೆ. ಹೆಸರು ಹಾಕದಿದ್ದರೆ ಸಾಕು ಅಂದುಕೊಂಡೆ. ಇಷ್ಟು ವರ್ಷ ಪೇಪರಿಗೆ ಬರೆದವಳಿಗೆ ಅಷ್ಟೂ ತಿಳಿಯಬಾರದೇ? ಬುದ್ಧಿಗೆ ಮಂಕು ಕವಿದಿತ್ತು.

ನಾನೇ ಠಾಣೆಗೆ ಬಂದು ಹೇಳುತ್ತೇನೆ ಅಂದೆ. ವಿಜಯೇಂದ್ರ ಬಿಡಲಿಲ್ಲ. "ನೀನು ಹೋಗಿ ಬಾಯಿ ಬಿಟ್ಟಷ್ಟೂ ಅವರ ಫೈಲ್ ದಪ್ಪ ಆಗುತ್ತಮ್ಮ" ಅಂದ. ಮಗ ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಒಂದು ಮಾತು ಹೇಳುತ್ತೇನೆ. ಇಷ್ಟು ವರ್ಷದ ಸ್ನೇಹದಲ್ಲಿ ನಿನಗೆ ಹೇಳಿರಲಿಲ್ಲ. ನನ್ನ ಅಪ್ಪನಿಗೂ ಇಬ್ಬರು ಹೆಂಡಿರು. ಅವ್ವನಿಗೆ ನಾವು ಮೂರೂ ಹೆಣ್ಣಾದೆವು. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಲಿಂಗಮ್ಮ ಅನ್ನುವವಳನ್ನು ಕಟ್ಟಿಕೊಂಡು ಬಂದ. ಆಗ ನಮ್ಮವರಿಗೆ ಎರಡನೇ ಮದುವೆ ಕೂಡದು ಅಂತ ಕಾನೂನು ಬಂದು ಏಳು ವರ್ಷವಾಗಿತ್ತು. ಯಾರು ಕೇಳಿದರು? ಅಯ್ಯನವರು ಬಂದು ಮಂತ್ರ ಹೇಳಿದರು, ಹೋಳಿಗೆ ಊಟವಾಯಿತು, ಪಂಕ್ತಿಯಲ್ಲಿ ಪಟೇಲರ ಪಕ್ಕದಲ್ಲೇ ಪೊಲೀಸ್ ಜಮಾದಾರನೂ ಕೂತು ಎರಡು ಸಲ ತುಪ್ಪ ಹಾಕಿಸಿಕೊಂಡ. ಅವ್ವ ಬಡಿಸುತ್ತಿದ್ದಳು. ಅವಳ ಮುಖ ನನಗೆ ಈಗಲೂ ಕಾಣುತ್ತದೆ. ನಿನ್ನ ಮನೆಯಲ್ಲಿ ನೀನೇ ಕರೆದು ತಂದೆ. ನಮ್ಮ ಮನೆಯಲ್ಲಿ ಅವ್ವನನ್ನು ಕೇಳಿದವರೇ ಇಲ್ಲ. ಆದರೂ ಲಿಂಗಮ್ಮ ಚಿಕ್ಕವ್ವ ಕೆಟ್ಟವಳಲ್ಲ. ನನ್ನ ತಲೆ ಬಾಚಿದವಳು, ನಾನು ದೊಡ್ಡವಳಾದಾಗ ಪಕ್ಕ ಕೂತವಳು ಅವಳೇ.

ನಮ್ಮ ಮನೆಗೆ ಯಾವ ಪಟ್ಟಿಯವನೂ ಬರಲಿಲ್ಲ ಶಮ್ಸು. ನಿನಗೆ ಸಮಾಧಾನವಾಗಲಿ ಅಂತ ಇದನ್ನು ಬರೆದೆ.

ನಿನ್ನ
ಸುಭದ್ರಮ್ಮ


ಕಾಗದನಗರ, ಭದ್ರಾವತಿ
2 ಆಗಸ್ಟ್ 2024

ಟೀಚರಮ್ಮ,

ಸಮಾಧಾನ ಆಗಲಿಲ್ಲ. ನೀವು ಬೈದರೂ ಸರಿ, ಕೇಳಿಬಿಡುತ್ತೇನೆ. ಪೇಪರಿಗೆ ಬರೆಯುವಾಗ ಲಿಂಗಮ್ಮನವರ ಕಥೆ ನಿಮಗೆ ನೆನಪಿಗೆ ಬರಲಿಲ್ಲವಾ? ನಿಮ್ಮ ಮನೆಯಲ್ಲೇ ಒಂದು ಕಥೆ ಇತ್ತಲ್ಲ. ಅದನ್ನು ಬಿಟ್ಟು ನಮ್ಮ ಮನೆಯದನ್ನು ಯಾಕೆ ಬರೆದಿರಿ? ಈ ಪ್ರಶ್ನೆ ಹತ್ತು ದಿನದಿಂದ ನನ್ನನ್ನು ಕೊರೆಯುತ್ತಿದೆ. ಅನ್ನ ಬಸಿಯುವಾಗಲೂ ಅದೇ, ಕಸ ಗುಡಿಸುವಾಗಲೂ ಅದೇ.

ಇಲ್ಲಿ ಕ್ಯಾಮೆರಾದವರು ಬಂದಿದ್ದರು. ಲೈನಿನ ಕೊನೆಯ ತನಕ ನಡೆದುಕೊಂಡು, ಅರ್ಧ ಖಾಲಿಬಿದ್ದ ಕ್ವಾರ್ಟರ್ಸುಗಳನ್ನೆಲ್ಲ ತೋರಿಸಿ, "ಇಂಥ ಕಡೆ ಯಾರಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ" ಅಂತ ಆ ಹುಡುಗಿ ಹೇಳಿದಳು. ಅಯ್ಯೋ ಅಲ್ಲಾ, ಕಾಗದದ ಕಾರ್ಖಾನೆ ಮುಚ್ಚಿದ್ದಕ್ಕೆ ಜನ ಹೋದರಮ್ಮ ಅಂತ ಹೇಳೋಣ ಅಂದರೆ ಕೇಳುವವರು ಯಾರು? ಆಪಾ ಬಟ್ಟೆ ಒಣಹಾಕುತ್ತಿದ್ದಳು. "ನೀವು ಮೊದಲನೆಯವರಾ, ಎರಡನೆಯವರಾ?" ಅಂತ ಮೈಕ್ ಹಿಡಿದಳು. ಆಪಾ ಬಕೆಟ್ ಅಲ್ಲೇ ಬಿಟ್ಟು ಒಳಗೆ ಬಂದಳು. ಆ ದಿನ ಬಟ್ಟೆ ನಾನೇ ಒಣಹಾಕಿದೆ.

ಪಕ್ಕದ ಮನೆ ಸೀತಾಲಕ್ಷ್ಮಿ ದಿನಾ ಸಂಜೆ ಬಂದು ಆಪಾ ಜೊತೆ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದಳು. ಈಗ ಬರುತ್ತಿಲ್ಲ. ಸಿಟ್ಟಿಲ್ಲವಂತೆ. "ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ" ಅಂತ ಬೇಜಾರಂತೆ.

ಉಮೈರ್ ಪಾಸ್ ಬಂದಿಲ್ಲ. ಅವನ ಜೊತೆ ಅರ್ಜಿ ಹಾಕಿದ ಮುರಳಿಗೆ ಬಂದಿದೆ. ಪಟ್ಟಿಯಲ್ಲಿರುವ ಮನೆಯವರಿಗೆ ಕೊಡುವುದಿಲ್ಲವಂತೆ ಅಂತ ಟೀ ಅಂಗಡಿಯಲ್ಲಿ ಹೇಳಿದರು, ಮಸೀದಿಯಲ್ಲಿ ಹೇಳಿದರು, ಟಿ.ವಿ.ಯಲ್ಲಿ ಯಾರೋ ಕೊಡಲೇಬಾರದು ಅಂದರು. ಉಮೈರ್ ಈಗ ಮಾಡುತ್ತಿರುವ ಗ್ಯಾರೇಜ್ ಕೆಲಸಕ್ಕೂ ಹೋಗದೆ ಗೋಡೆ ನೋಡಿಕೊಂಡು ಕೂತಿದ್ದಾನೆ. ನಿನ್ನೆ ಆಪಾ ಊಟ ಬಡಿಸುತ್ತಾ, "ಖುಲಾ ತಗೊಂಡುಬಿಡ್ತೀನಿ. ನಾನು ಹೋದ್ರೆ ಮನೇಲಿ ಒಬ್ಬಳೇ ಹೆಂಡತಿ ಉಳೀತಾಳೆ. ಆಮೇಲೆ ಯಾವ ಪಟ್ಟಿ?" ಅಂದಳು. ಖುಲಾ ಅಂದರೆ ಹೆಂಡತಿ ತಾನಾಗಿ ಕೇಳಿ ಪಡೆಯುವ ಬಿಡುಗಡೆ. ಯಾರೂ ತುತ್ತೆತ್ತಲಿಲ್ಲ. "ತಿನ್ನಿ, ಸಾರು ಆರೋಗ್ತದೆ" ಅಂತ ಅವಳೇ ಗದರಿದಳು.

ಶಮ್ಸುನ್ನೀಸಾ


ಸವಳಂಗ ರಸ್ತೆ, ಶಿವಮೊಗ್ಗ
20 ಆಗಸ್ಟ್ 2024

ಶಮ್ಸು,

ನೀನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಾ ಇಷ್ಟು ದಿನ ಹೋಯಿತು. ಉತ್ತರ ಇಷ್ಟೇ. ನಿಮ್ಮ ಮನೆಯ ಕಥೆ ಬರೆಯುವಾಗ ನಾನು ದೊಡ್ಡವಳಾದೆ. ನನ್ನ ಮನೆಯದನ್ನು ಬರೆದಿದ್ದರೆ ಸಣ್ಣವಳಾಗುತ್ತಿದ್ದೆ. ಬರೆಯುವಾಗ ಹೀಗೆ ಯೋಚಿಸಿರಲಿಲ್ಲ, ದೇವರಾಣೆ. ಆದರೆ ಯೋಚಿಸದೆಯೇ ಕೈ ಆ ಕಡೆಗೆ ಹೋಯಿತಲ್ಲ, ಅದೇ ನನಗೆ ನಾಚಿಕೆ.

ಆಮೇಲೆ ಪೇಪರಿಗೆ ಬರೆದೆ. ನಾಲ್ಕು ಪುಟ. ಅಪ್ಪನ ಹೆಸರು, ಊರಿನ ಹೆಸರು, ಲಿಂಗಮ್ಮ ಚಿಕ್ಕವ್ವ, ತುಪ್ಪ ಹಾಕಿಸಿಕೊಂಡ ಜಮಾದಾರ, ಎಲ್ಲ. "ನನ್ನ ತವರನ್ನೂ ಪಟ್ಟಿಗೆ ಸೇರಿಸಿ" ಅಂತ ಕೊನೆಗೆ ಬರೆದು ಸಹಿ ಹಾಕಿದೆ. ಲಕೋಟೆ ಅಂಟಿಸಿ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ವಿಜಯೇಂದ್ರ ಅದನ್ನು ಒಡೆದು ಓದುತ್ತಾ ನಿಂತಿದ್ದ. "ಅಮ್ಮ, ಅಮೂಲ್ಯನ ನೋಡೋಕೆ ಭಾನುವಾರ ಬರ್ತಿದ್ದಾರೆ. ಅವಳಿಗೇ ಗೊತ್ತಿಲ್ಲ ಇದು. ಲಿಂಗಮ್ಮಜ್ಜಿ ಅಂದ್ರೆ ತಾತನ ತಂಗಿ ಅಂತ ನಾವೇ ಹೇಳಿದ್ದೀವಿ. ಒಂದು ತಿಂಗಳು ತಡಿ, ನಿನ್ನ ಕಾಲು ಹಿಡೀತೀನಿ" ಅಂದ. ನಿಜವಾಗಿ ಬಗ್ಗಿದ ಕಣೇ, ಐವತ್ತರ ಹತ್ತಿರದ ಗಂಡಸು.

ಕಳಿಸಲಿಲ್ಲ ಶಮ್ಸು. ಮೊಮ್ಮಗಳು ಅನ್ನುವುದು ಅಡ್ಡ ಬಂತು. ನಾನು ಹೇಡಿ.

ಮಹಬೂಬಿಯನ್ನು ತಡಿ. ನನ್ನಾಣೆ, ಉಮೈರ್ ಆಣೆ, ತಡಿ. ಯಾವ ಪೊಲೀಸೂ ಪಾಸ್ ಕೊಡುವುದಿಲ್ಲ ಅಂತ ಬರೆದುಕೊಟ್ಟಿಲ್ಲವಲ್ಲ? ಯಾರೋ ಅಂದದ್ದಕ್ಕೆ ಮನೆ ಒಡೆದುಕೊಳ್ಳುತ್ತಾರೆಯೇ? ಇನ್ನೊಂದು ತಿಂಗಳು ನೋಡಿ.

ಸುಭದ್ರಮ್ಮ


ಕಾಗದನಗರ, ಭದ್ರಾವತಿ
9 ಸೆಪ್ಟೆಂಬರ್ 2024

ಟೀಚರಮ್ಮ,

ನೀವೂ ತಿಂಗಳು ತಡಿ ಅನ್ನುತ್ತೀರಿ, ನಿಮ್ಮ ಮಗನೂ ತಿಂಗಳು ತಡಿ ಅನ್ನುತ್ತಾರೆ. ಆಪಾ ತಡೆಯಲಿಲ್ಲ.

ಶುಕ್ರವಾರ ನಮಾಜಿನ ಮೇಲೆ ಕಾಜಿ ಸಾಹೇಬರು ಬಂದರು. ಯೋಚನೆ ಮಾಡಿ ತಾಯಿ ಅಂತ ಎರಡು ಸಲ ಹೇಳಿದರು. ಆಪಾ ಪರದೆಯ ಆ ಕಡೆಯಿಂದ, "ಯೋಚನೆ ಆಯ್ತು ಸಾಹೇಬ್" ಅಂದಳು. ಖುಲಾ ಅಂದರೆ ನಿಕಾಹ್‌ನಲ್ಲಿ ಗಂಡ ಕೊಟ್ಟ ಮಹರ್ ವಾಪಸ್ಸು ಕೊಡುವುದು ವಾಡಿಕೆ. ಇವರು ಅವಳಿಗೆ ಕೊಟ್ಟ ಮಹರ್ ಒಂದು ಜೊತೆ ಓಲೆ. ಇಪ್ಪತ್ತೆರಡು ವರ್ಷದಲ್ಲಿ ಕಿವಿಯಿಂದ ತೆಗೆದವಳಲ್ಲ. ತಿರುಪು ಬಿಗಿದುಹೋಗಿತ್ತು, ಎಣ್ಣೆ ಹಾಕಿ ನಾನೇ ಬಿಚ್ಚಿದೆ. ನನ್ನ ಕೈಯಿಂದಲೇ ಬಿಚ್ಚಿಸಿಕೊಂಡಳು ಟೀಚರಮ್ಮ.

ಇವರು ಒಪ್ಪಿದೆ ಅನ್ನಬೇಕಿತ್ತು. ಹೇಗೋ ಅಂದರು. ಅಂದು ಮುಗಿಸಿ, ಓಲೆಯನ್ನು ಪರದೆಯ ಕೆಳಗಿಂದ ವಾಪಸ್ಸು ಸರಿಸಿ, "ನೀವೇ ಇಟ್ಕೊಳ್ಳಿ ಭಾಬಿ" ಅಂದರು. ಭಾಬಿ ಅಂದರೆ ಅತ್ತಿಗೆ; ನಿಕಾಹ್ ಆದಮೇಲೆ ಇವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಆಪಾ ಅಲ್ಲಿಯ ತನಕ ಅತ್ತಿರಲಿಲ್ಲ. ಆಗ ಅತ್ತಳು.

ಬಿಡುಗಡೆಯಾದ ಹೆಂಗಸು ಕಾಯಬೇಕಾದ ಇದ್ದತ್ತಿನ ಮೂರು ತಿಂಗಳು ಇಲ್ಲೇ ಕಳೆಯಬಹುದಿತ್ತು. ಪೊಲೀಸರು ಮತ್ತೆ ಬಂದು ತಲೆ ಎಣಿಸಿದರೆ ಅಂತ ಹೆದರಿ, ಆಟೋ ಹತ್ತಿ ಹೊಳೆಹೊನ್ನೂರಿಗೆ ಅಣ್ಣನ ಮನೆಗೆ ಹೋದಳು. ಉಮೈರ್ ಮನೆಯಲ್ಲಿರಲಿಲ್ಲ. ಬೇಕೆಂದೇ ಇರಲಿಲ್ಲ. ಸಂಜೆ ಬಂದು ನನ್ನ ಮೇಲೆ ಹಾರಾಡಿದ, "ನನ್ನ ಕೆಲಸಕ್ಕೆ ಅಮ್ಮೀನ ಮಾರಿದ್ರಿ" ಅಂದ. ಈ ಮನೆಯಲ್ಲಿ ನನ್ನನ್ನೂ ಅವನು ಅಮ್ಮಿ ಅಂತಲೇ ಕರೆಯುವುದು.

ಸದ್ಯಕ್ಕೆ ಬರೆಯಬೇಡಿ.

ಶಮ್ಸುನ್ನೀಸಾ


ಸವಳಂಗ ರಸ್ತೆ, ಶಿವಮೊಗ್ಗ
15 ಅಕ್ಟೋಬರ್ 2024

ಶಮ್ಸು,

ಬರೆಯಬೇಡಿ ಅಂದಿದ್ದೀಯ. ಐದು ವಾರ ಬರೆಯಲಿಲ್ಲ. ಅಮೂಲ್ಯಳ ನಿಶ್ಚಿತಾರ್ಥ ಮುಗಿಯಿತು. ಬೀಗರು ಒಳ್ಳೆಯವರು. ಊಟಕ್ಕೆ ಕೂತಾಗ ಆ ಹುಡುಗನ ತಂದೆ ಟಿ.ವಿ.ಯ ವಿಷಯ ಎತ್ತಿ, "ಅವರ ಮನೆಗಳಲ್ಲಿ ಏನೇನು ನಡೀತದೋ ಯಾರಿಗ್ಗೊತ್ತು" ಅಂದರು. ಎಲ್ಲರೂ ತಲೆಯಾಡಿಸಿದರು. ವಿಜಯೇಂದ್ರ ನನ್ನ ಮುಖ ನೋಡಿದ. ನಾನು ಹೋಳಿಗೆ ಮುರಿಯುತ್ತಾ ಕೂತಿದ್ದೆ. ಅವ್ವ ಅವತ್ತು ಯಾಕೆ ಸುಮ್ಮನೆ ಬಡಿಸಿದಳು ಅಂತ ಬಹಳ ವರ್ಷ ಅವಳ ಮೇಲೆ ಸಿಟ್ಟಿತ್ತು ನನಗೆ. ಈಗ ಆ ಸಿಟ್ಟು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ.

ಪೇಪರಿಗೆ ಬರೆಯುವುದನ್ನು ಬಿಟ್ಟೆ. ಅದರಿಂದ ನಿನಗೇನೂ ಲಾಭವಿಲ್ಲ, ಗೊತ್ತು.

ಬೈದಾದರೂ ಒಂದು ಸಾಲು ಬರೆ. ನಿನ್ನ ಅಕ್ಷರ ನೋಡಬೇಕು.

ಸುಭದ್ರಮ್ಮ


ಕಾಗದನಗರ, ಭದ್ರಾವತಿ
22 ಡಿಸೆಂಬರ್ 2024

ಟೀಚರಮ್ಮನವರಿಗೆ,

ಸಿಟ್ಟು ಹೋಗಿದೆ ಅಂತ ಬರೆಯಲು ಕೂತಿಲ್ಲ. ಇದೆ. ಆದರೆ ಈ ವಿಷಯ ಹೇಳಿಕೊಳ್ಳಲು ನಿಮ್ಮನ್ನು ಬಿಟ್ಟರೆ ನನಗೆ ಬೇರೆ ಯಾರಿದ್ದಾರೆ? ಒಂದೇ ಹೊಟ್ಟೆಯಲ್ಲಿ ಎರಡೂ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಉಮೈರ್‌ಗೆ ಪಾಸ್ ಬಂತು. ನವೆಂಬರ್ ಕೊನೆಯಲ್ಲಿ ಕಂಟ್ರಾಕ್ಟರ್ ಆಫೀಸಿನಿಂದ ಫೋನ್ ಮಾಡಿ ಕರೆದರು. ಮೊದಲನೇ ದಿನವೇ ತಂದು ನನ್ನ ಕೈಯಲ್ಲಿಟ್ಟ. ಹಿಂದೆ ಪೊಲೀಸರ ಕಾಗದದ ಜೆರಾಕ್ಸ್ ಇತ್ತು. ನೀವು ಅಕ್ಷರ ಕಲಿಸಿದ್ದೀರಲ್ಲ, ನಾನು ಏನು ಸಿಕ್ಕಿದರೂ ಪೂರ್ತಿ ಓದುತ್ತೇನೆ. "ಯಾವುದೇ ಆಕ್ಷೇಪಣೆ ಇರುವುದಿಲ್ಲ." ಕೆಳಗೆ ಸಹಿ, ಮೊಹರು, ತಾರೀಖು. 12 ಆಗಸ್ಟ್.

ಮೂರು ಸಲ ಓದಿದೆ. ಖುಲಾ ಆದದ್ದು ಸೆಪ್ಟೆಂಬರ್ ಆರಕ್ಕೆ.

ಪುಟ್ಟಯ್ಯನವರನ್ನು ಕರೆಸಿ ಕೇಳಿದೆ. "ಪಾಸ್ ಕೊಡಲ್ಲ ಅಂತ ಯಾರು ಹೇಳಿದ್ದು ಶಮ್ಸಕ್ಕ? ಅದೇ ಬೇರೆ ಟೇಬಲ್ಲು, ಪಟ್ಟಿದೇ ಬೇರೆ ಟೇಬಲ್ಲು" ಅಂದರು. ಕಾಗದ ಕಂಟ್ರಾಕ್ಟರ್ ಆಫೀಸಿನಲ್ಲಿ ಬಿದ್ದಿತ್ತಂತೆ. ಮುರಳಿಯನ್ನು ತೆಗೆದುಕೊಂಡಾಗಿತ್ತು, ಉಳಿದ ಹೊಸಬರನ್ನು ದಸರಾ ಕಳೆದ ಮೇಲೆ ತೆಗೆದುಕೊಳ್ಳೋಣ ಅಂತ ಅವನು ಯಾರಿಗೂ ಹೇಳಿರಲಿಲ್ಲ. ಹಾಗಾದರೆ ಪಟ್ಟಿಯಿಂದಾದರೂ ನಮ್ಮ ಮನೆ ತೆಗೆಯಿರಿ, ಈಗ ಒಬ್ಬಳೇ ಹೆಂಡತಿ ಅಲ್ಲವಾ ಅಂದೆ. ಅವರು ಟೋಪಿ ಕೈಯಲ್ಲಿ ತಿರುಗಿಸುತ್ತಾ, "ಸೇರಿಸಿ ಅಂತ ಆರ್ಡರ್ ಬಂದಿತ್ತು. ತೆಗೀರಿ ಅಂತ ಬಂದಿಲ್ಲ" ಅಂದರು. ಅವತ್ತೂ ಚಹಾ ಕುಡಿಯಲಿಲ್ಲ.

ಯಾರ ಮೇಲೆ ಸಿಟ್ಟು ಮಾಡಲಿ ಹೇಳಿ. ಯಾರೂ ಹೇಳಿರಲಿಲ್ಲ, ಎಲ್ಲರೂ ಹೇಳಿದ್ದರು.

ಮತ್ತೆ ನಿಕಾಹ್ ಮಾಡಿಕೊಳ್ಳಲು ಶರೀಯತ್ತಿನಲ್ಲಿ ಅಡ್ಡಿಯಿಲ್ಲ ಅಂತ ಕಾಜಿ ಸಾಹೇಬರು ಹೇಳಿದರು. ಮೊದಲನೇ ಸಲ ಕೇಳಿದವಳು ನಾನೇ ತಾನೆ, ಈ ಸಲವೂ ನಾನೇ ಹೊಳೆಹೊನ್ನೂರಿಗೆ ಹೋಗಿ ಕೇಳಿದೆ. ಆಪಾ ಹುಣಸೆಹಣ್ಣು ಬಿಡಿಸುತ್ತಿದ್ದಳು. ಮುಖ ಎತ್ತಲಿಲ್ಲ. "ಆವಾಗ ಯಾರಿಗೂ ಗೊತ್ತಿರಲಿಲ್ಲ ಶಮ್ಸು. ಈಗ ಎಲ್ಲರ ಕಣ್ಣೆದುರು ಎರಡನೆಯವಳಾಗಿ ಬರೋಕೆ ನನ್ನ ಕೈಲಾಗಲ್ಲ" ಅಂದಳು. ನಾನೂ ಪಕ್ಕದಲ್ಲಿ ಕೂತು ಹುಣಸೆಹಣ್ಣು ಬಿಡಿಸಿದೆ.

ಮೊನ್ನೆ ಮಗನನ್ನು ಯೂನಿಫಾರ್ಮಿನಲ್ಲಿ ನೋಡಬೇಕು ಅಂತ ಬಂದಿದ್ದಳು. ಬಾಗಿಲು ತೆರೆದೇ ಇತ್ತು, ಆದರೂ ತಟ್ಟಿ ನಿಂತಳು. ಇವರು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ಅವಳು ಹೋಗುವ ತನಕ ಬೇವಿನ ಮರದ ಕೆಳಗೆ ಕೂತಿದ್ದರು. ಉಮೈರ್ ತಡವಾಗಿ ಬಂದ, ಅವಳ ಕಾಲ ಹತ್ತಿರ ಕೂತು ಮಡಿಲಲ್ಲಿ ತಲೆ ಇಟ್ಟ. ಆ ಕಾಗದದ ತಾರೀಖಿನ ವಿಷಯ ನಾವ್ಯಾರೂ ಅವಳಿಗೆ ಹೇಳಿಲ್ಲ ಟೀಚರಮ್ಮ. ಅವಳು ಹೋದದ್ದರಿಂದಲೇ ಮಗನಿಗೆ ಕೆಲಸ ಸಿಕ್ಕಿತು ಅಂತಲೇ ಅವಳು ನಂಬಿದ್ದಾಳೆ. ಹಾಗೇ ನಂಬಿಕೊಂಡಿರಲಿ. ನೀವೂ ಎಲ್ಲೂ ಬರೆಯಬೇಡಿ, ಯಾರಿಗೂ ಹೇಳಬೇಡಿ. ನಾನು ನಿಮ್ಮನ್ನು ಕೇಳಿಕೊಳ್ಳುವುದು ಇದೊಂದೇ.

ಹೊರಡುವ ಮೊದಲು ಆಪಾ ಅಡಿಗೆಮನೆಯ ಹೊಸ್ತಿಲ ತನಕ ಬಂದಳು. ಒಳಗೆ ಕಾಲಿಡಲಿಲ್ಲ. ಅವಳೇ ಇಪ್ಪತ್ತೆರಡು ವರ್ಷ ಒಲೆ ಹಚ್ಚಿದ ಮನೆ. ಸೆರಗು ಸರಿಮಾಡಿಕೊಂಡು, "ಶಮ್ಸು, ಒಂದು ಲೋಟ ನೀರು ಕುಡೀಬಹುದಾ?" ಅಂತ ಕೇಳಿದಳು.

ನಿಮ್ಮ
ಶಮ್ಸುನ್ನೀಸಾ